‘ಕಪ್ಪೆ ಮಾದರಿ’ ಅಂದರೆ ಯಾವುದು? ‘ರೂಪಾಂತರ’ ಯಾರದು?

ಪ್ರಶ್ನೆ: ಪ್ರತಿರಕ್ಷೆಯ (ಇಮ್ಯುನಿಟಿ) ಸಂಶೋಧನೆಯಲ್ಲಿ ಆಫ್ರಿಕಾದ ಉಗುರುಗಪ್ಪೆ, ಅಂದರೆ ಜೆನೋಪಸ್ ಲೇವಿಸ್, ಬಳಸುವ ಬಗ್ಗೆ ಬರೆಯುವಾಗ ‘ಅನಿಮಲ್ ಮಾಡೆಲ್’ಗೆ ‘ಕಪ್ಪೆ ಮಾದರಿ’ ಸಾಕೇ? ಗೊದಮೊಟ್ಟೆ ಕಪ್ಪೆಯಾಗುವ ‘ಮೆಟಮಾರ್ಫಸಿಸ್’ಗೆ ‘ರೂಪಾಂತರ’, ‘ಟಾಲರೆನ್ಸ್’ಗೆ ‘ಸಹನೆ’, ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಬಲಿಯುವ ಥೈಮಸ್ ಗ್ರಂಥಿಯನ್ನು ಇಲ್ಲವಾಗಿಸುವ ‘ಥೈಮೆಕ್ಟಮಿ’ಗೆ ‘ಥೈಮಸ್ ಕತ್ತರಿಸುವುದು’ ಒಪ್ಪುತ್ತವೆಯೇ?

ಉತ್ತರ: ‘ಕಪ್ಪೆ ಮಾದರಿ’ ಸಾಲದು. ‘ರಕ್ತದ ಮಾದರಿ’, ‘ನೀರಿನ ಮಾದರಿ’ ಓದಿ ರೂಢಿಯಾದವರಿಗೆ ಅದು ಪರೀಕ್ಷೆಗೆ ಕಳಿಸಿದ ಕಪ್ಪೆಯ ತುಣುಕು. ತಿರುಗಿಸಿ ‘ಮಾದರಿ ಕಪ್ಪೆ’ ಎಂದರೆ ‘ಮಾದರಿ ಶಿಕ್ಷಕ’ರ ಸಾಲಿಗೆ ಸೇರಿದ ಸದ್ಗುಣಿ ಕಪ್ಪೆ! ‘ಮಾದರಿ ಜೀವಿ’ ಅನ್ನಿ, ಗೊಂದಲವಿಲ್ಲ.

‘ರೂಪಾಂತರ’ದ್ದು ಇನ್ನೂ ದೊಡ್ಡ ತಾಪತ್ರಯ. ಕೋವಿಡ್ ಕಾಲದಿಂದ ‘ರೂಪಾಂತರಿ’ ಎಂದರೆ ವೈರಸ್ಸೇ. ‘ರೂಪಾಂತರದ ವೇಳೆ ಪ್ರತಿರಕ್ಷೆ ಕುಗ್ಗುತ್ತದೆ’ ಎಂದು ಬರೆದರೆ ಬದಲಾದದ್ದು ವೈರಸ್ ಎಂದೇ ಓದಿಕೊಳ್ಳುತ್ತಾರೆ. ಈ ಜೀವಿಯನ್ನು ಆರಿಸಿಕೊಳ್ಳಲು ಒಂದು ಮುಖ್ಯ ಕಾರಣ ಆ ಹಂತವೇ ಆದ್ದರಿಂದ ಅಲ್ಲಿ ಎಡವುವಂತಿಲ್ಲ. ಗೊದಮೊಟ್ಟೆ ಕಪ್ಪೆಯಾಗುವಾಗ ಥೈರಾಯ್ಡ್ ಹಾರ್ಮೋನು, ಸ್ಟೀರಾಯ್ಡ್ ಎರಡೂ ಏರಿ, ಥೈಮಸ್‌ನ ಲಿಂಫೋಸೈಟುಗಳಲ್ಲಿ (ಪ್ರತಿರಕ್ಷೆಯ ಬಿಳಿ ರಕ್ತಕಣಗಳಲ್ಲಿ) ಬಹುಪಾಲು ಇಲ್ಲವಾಗುತ್ತವೆ. ಆಮೇಲೆ ಬೆಳೆಯುವ ಹೊಸ ತಂಡ, ಗೊದಮೊಟ್ಟೆಯಲ್ಲಿ ಇಲ್ಲದಿದ್ದ ದೊಡ್ಡ ಕಪ್ಪೆಯ ಪ್ರೋಟೀನುಗಳನ್ನೂ ‘ನಮ್ಮವು’ ಎಂದು ಗುರುತಿಸಬೇಕು. ‘ಕಪ್ಪೆಯಾಗುವ ಹಂತ’ ಎಂದು ಬಿಡಿಸಿ ಬರೆಯಿರಿ.

‘ಸಹನೆ’ ಬೇಡ. ಸಹನೆಯಲ್ಲಿ ನೋವು ನುಂಗಿಕೊಳ್ಳುವ ಅರ್ಥವಿದೆ. ಇಲ್ಲಿ ಪ್ರತಿರಕ್ಷೆಯ ದಾಳಿಯೇ ನಡೆಯುವುದಿಲ್ಲ. ಅಂಗಾಂಶದ ಸಣ್ಣ ವ್ಯತ್ಯಾಸವಷ್ಟೇ ಇರುವ ಚರ್ಮವನ್ನು ಆ ಹಂತದಲ್ಲಿ ಕಸಿ ಮಾಡಿದರೆ ಉಳಿಯಬಹುದು. ಪ್ರೌಢ ಕಪ್ಪೆಗೆ ಮಾಡಿದರೆ ಅಳಿಯುತ್ತದೆ. ಕಸಿ ಅಳಿಯಿತೇ ಎಂದು ತಿಳಿಯಲು, ಒಂದು ಕಪ್ಪೆಯ ಹೊಟ್ಟೆಯ ಬೆಳ್ಳಿಹೊಳಪಿನ ಚರ್ಮವನ್ನು ಇನ್ನೊಂದರ ಬೆನ್ನಿಗೆ ಕೂರಿಸಿ, ಹೊಳೆಯುವ ವರ್ಣಕೋಶಗಳು ನಾಶವಾಗುವುದನ್ನು ಗಮನಿಸುತ್ತಾರೆ. ಶೀರ್ಷಿಕೆಗೆ ‘ಪ್ರತಿರಕ್ಷಾ ಸಹಿಷ್ಣುತೆ’ ಇರಲಿ, ವಾಕ್ಯದೊಳಗೆ ‘ಕಸಿಯನ್ನು ಒಪ್ಪಿಕೊಂಡಿತು’, ‘ತಿರಸ್ಕರಿಸಿತು’ ಸಾಕು. ಇಂಥ ಕಡೆ ‘ರೋಗನಿರೋಧಕ’ ಪದವೂ ಕೂರದು, ಚರ್ಮದ ಕಸಿಯಲ್ಲಿ ರೋಗವೆಲ್ಲಿದೆ? ನೀವು ‘ಪ್ರತಿರಕ್ಷೆ’ ಹಿಡಿದದ್ದು ಸರಿ.

‘ಕತ್ತರಿಸುವುದು’ ಮಾತ್ರ ತಪ್ಪು, ಇಲ್ಲಿ ಕತ್ತರಿಯೇ ಇಲ್ಲ. ಮೊಟ್ಟೆ ಫಲಿತವಾದ ಮೊದಲ ವಾರದಲ್ಲೇ ಗೊದಮೊಟ್ಟೆಯನ್ನು ಅರಿವಳಿಕೆಯಲ್ಲಿಟ್ಟು, ಪಾರದರ್ಶಕ ಚರ್ಮದಡಿ ಕಣ್ಣಿನ ಹಿಂದೆ ಆಚೀಚೆ ಕಾಣುವ ಥೈಮಸ್‌ನ ಎರಡು ಚುಕ್ಕೆಗಳನ್ನು ಸೂಕ್ಷ್ಮದರ್ಶಕದಡಿ ಕಾದ ಸೂಜಿಮೊನೆಯಿಂದ ಸುಡುತ್ತಾರೆ. ತಡವಾದರೆ ಟಿ ಕೋಶಗಳು ಆಗಲೇ ಹೊರಬಿದ್ದಿರುತ್ತವೆ, ಪ್ರಯೋಗ ಕೆಟ್ಟಂತೆ. ಚೂರು ಉಳಿದಿದೆಯೇ ಎಂದು ಮತ್ತೆ ನೋಡಿ, ಉಳಿದಿದ್ದರೆ ಆ ಮರಿಯನ್ನು ಲೆಕ್ಕದಿಂದ ಬಿಡುತ್ತಾರೆ. ಹಾಗಾಗಿ ‘ಥೈಮಸ್ ಸುಡುವುದು’ ಎಂದೇ ಬರೆಯಿರಿ.