ಮಲ್ಪೆ ಟೂರಿಸ್ಟ್ ಬೋಟಿಗೆ ಸ್ಟೀರಿಯೊ: ಕಡಿಮೆ ಖರ್ಚಲ್ಲಿ ಯಾರ ಹತ್ರ ಹಾಕಿಸೋದು?

ಕಡಲಬದಿ: ಬ್ಯಾಟರಿ 24 ವೋಲ್ಟ್, 4 ಸ್ಪೀಕರ್. ಕಾರ್ ಆಡಿಯೊ ಅಂಗಡಿಯವರು ಸಾಕಾ?

ತಂತಿಪಕ್ಕಡ್: ಬೇಡ ಮಾರಾಯ್ರೆ. ಬಂದರಿನಲ್ಲಿ ಜಿಪಿಎಸ್, ಫಿಶ್ ಫೈಂಡರ್ ಕೂರಿಸುವವರನ್ನೇ ಹಿಡಿಯಿರಿ. ಕಾರಿನ ಬರೀ ತಾಮ್ರದ ವೈರ್ ಉಪ್ಪುಗಾಳಿಗೆ ಹಸಿರುಗಟ್ಟುತ್ತದೆ, ತವರ ಲೇಪಿಸಿದ್ದೇ ಬೇಕು. ಸೆಟ್ 12 ವೋಲ್ಟಿನದ್ದು. ಹಾಗಂತ 24 ವೋಲ್ಟಿಗೆ ಸಾಲಾಗಿ ಜೋಡಿಸಿದ ಎರಡು 12 ವೋಲ್ಟ್ ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ಕರೆಂಟ್ ತೆಗೆದರೆ ಅದು ಅರೆಚಾರ್ಜಲ್ಲಿ ಉಳಿದು, ಇನ್ನೊಂದು ಓವರ್‌ಚಾರ್ಜ್ ಆಗಿ, ಎರಡೂ ಹಾಳು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. ಆಂಪ್ಲಿಫೈಯರ್ ಇಲ್ಲದಿದ್ದರೆ 20 ಆಂಪಿಯರ್ ಧಾರಾಳ. ಫ್ಯೂಸ್ ಬ್ಯಾಟರಿಯಿಂದ 18 ಸೆಂ.ಮೀ. ಒಳಗೇ ಇರಲಿ.

ಅಳಿವೆಬಾಗಿಲು: ಸ್ಪೀಕರ್ ಕಂಪಾಸಿನಿಂದ ಒಂದು ಮೀಟರಾದರೂ ದೂರ. ಅದರ ಅಯಸ್ಕಾಂತಕ್ಕೆ ಮುಳ್ಳು ತಿರುಗುತ್ತದೆ. ದುಡ್ಡು ಉಳಿಸಲು ಸಾಮಾನು ನೀವೇ ತನ್ನಿ, ಮಜೂರಿ ಬೇರೆ ಮಾತಾಡಿ. ಜಾಯಿಂಟ್ ಹೇಗೆ ಮಾಡ್ತೀರಿ ಅಂತ ಮೊದಲೇ ಕೇಳಿ. ತಿರುಚಿ ಟೇಪ್ ಸುತ್ತಿದ್ರೆ ಆಯ್ತು ಅಂದವರಿಗೆ ದೊಡ್ಡ ನಮಸ್ಕಾರ! ಕ್ರಿಂಪ್ ಮಾಡಿ (ಲೋಹದ ತೋಳಿನೊಳಗೆ ವೈರ್ ಇಟ್ಟು ಒತ್ತಿ), ಮೇಲೆ ಒಳಬದಿಗೆ ಗೋಂದು ಬಳಿದ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಬೇಕು.

ಕಡಲಬದಿ: ಎಂಜಿನ್ ಜತೆ ಕುಂಯ್ ಅನ್ನುವ ಸದ್ದು?

ತಂತಿಪಕ್ಕಡ್: ನೆಗೆಟಿವ್ ವೈರ್‌ಗಳನ್ನೆಲ್ಲ ಒಂದೇ ಜಾಗಕ್ಕೆ ತನ್ನಿ. ಸ್ಪೀಕರ್ ವೈರನ್ನು ಆಲ್ಟರ್ನೇಟರ್ (ಎಂಜಿನ್ ತಿರುಗಿದಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಕೇಬಲ್ ಜತೆ ಕಟ್ಟಬೇಡಿ.