ಇಆರ್‌ವಿ (ಒಳಬರೋ, ಹೊರಹೋಗೋ ಗಾಳಿಗಳ ನಡುವೆ ಶಾಖ, ತೇವ ದಾಟಿಸುವ ಯಂತ್ರ) ಹಾಕಿದ ಮೇಲೆ ಮಾಡೆಲ್‌ನಲ್ಲಿ ಕೂಲಿಂಗ್ ಕರೆಂಟ್ ಏರಿದೆ, ಗೊತ್ತಿರೋರು ಅನುಭವ ಹೇಳಿ

ಹೆಬ್ಬಾಳ ಮಾಡೆಲರ್ (ಪ್ರಶ್ನೆ):
ಹೆಬ್ಬಾಳದ ಹತ್ತಿರ ನಾಲ್ಕು ಮಹಡಿ ಆಫೀಸು. ವಿಆರ್‌ಎಫ್ ಎಸಿ (ಒಂದು ಹೊರಘಟಕಕ್ಕೆ ಹಲವು ಒಳಘಟಕ), ಮಹಡಿಗೆ ಸೆಕೆಂಡಿಗೆ 1000 ಲೀಟರ್ ಹೊರಗಾಳಿ. ಎನರ್ಜಿಪ್ಲಸ್‌ನಲ್ಲಿ (ಕಟ್ಟಡದ ಇಂಧನ ಲೆಕ್ಕ ಹಾಕುವ ಸಾಫ್ಟ್‌ವೇರ್) ಎಂಥಾಲ್ಪಿ ವೀಲ್ (ಇಆರ್‌ವಿಯೊಳಗೆ ತಿರುಗುವ ಚಕ್ರ) ಇಟ್ಟಿದ್ದೇನೆ, ಎಫೆಕ್ಟಿವ್‌ನೆಸ್ (ಎರಡು ಗಾಳಿಗಳ ವ್ಯತ್ಯಾಸದಲ್ಲಿ ವೀಲ್ ದಾಟಿಸುವ ಪಾಲು) ಸೆನ್ಸಿಬಲ್ (ಉಷ್ಣಾಂಶಕ್ಕೆ) 0.75, ಲೇಟೆಂಟ್ (ತೇವಕ್ಕೆ) 0.68. ವೀಲ್ ಇಲ್ಲದ ಮಾಡೆಲ್‌ಗಿಂತ ಇರುವುದರಲ್ಲೇ ವರ್ಷದ ಕೂಲಿಂಗ್ ಜಾಸ್ತಿ ತೋರಿಸ್ತಿದೆ. ವೀಲ್ ಬೇಕೋ ಬೇಡವೋ ಅಂತ ಮಾಲೀಕರು ಈ ವಾರವೇ ಕೇಳ್ತಿದ್ದಾರೆ. ಎಫೆಕ್ಟಿವ್‌ನೆಸ್ ಎಷ್ಟು ಇಡೋದು ಸರಿ?

ಬೈಪಾಸ್ ಭಟ್ಟ:
ಎಫೆಕ್ಟಿವ್‌ನೆಸ್ ಬಿಡಿ ಸಾರ್, ಬೈಪಾಸ್ (ಗಾಳಿ ವೀಲ್ ತಪ್ಪಿಸಿ ಬರೋ ದಾರಿ) ನೋಡಿ. ಜನವರಿ ಬೆಳಿಗ್ಗೆ ಹೊರಗೆ 19 ಡಿಗ್ರಿ, ಒಳಗಿಂದ ಬರೋ ರಿಟರ್ನ್ ಗಾಳಿ 24. ವೀಲ್ ತಿರುಗ್ತಾ ಇದ್ದರೆ ಹೊರಗಾಳಿ 22.75ಕ್ಕೆ ಬಿಸಿಯಾಗಿ ಒಳಗೆ ಬರುತ್ತೆ. ಅಂದರೆ ಮಹಡಿಗೆ 4 ಕಿಲೋವ್ಯಾಟ್ ಶಾಖವನ್ನ ನೀವೇ ವಾಪಸ್ ತಂದು ಸುರಿದ ಹಾಗೆ. ಅದೇ ಹೊತ್ತಿಗೆ ಜನ, ಕಂಪ್ಯೂಟರು, ಪೂರ್ವದ ಗಾಜು ಅಂತ ವಿಆರ್‌ಎಫ್ ಕೂಲಿಂಗ್‌ನಲ್ಲಿ ಓಡ್ತಿರುತ್ತೆ. ಎತ್ತು ಏರಿಗೆ, ಕೋಣ ನೀರಿಗೆ.

ಹೀಟ್ ಎಕ್ಸ್‌ಚೇಂಜರ್ ಆಬ್ಜೆಕ್ಟ್‌ನಲ್ಲಿ ‘ಎಕಾನಮೈಸರ್ ಲಾಕೌಟ್’ (ತಂಪು ಹೊರಗಾಳಿ ಬಳಸುವಾಗ ವೀಲ್ ನಿಲ್ಲಿಸೋದು) ಡಿಫಾಲ್ಟಾಗಿ ‘ಯೆಸ್’ ಇರುತ್ತೆ. ಅದನ್ನ ನೋಡಿ ಎಲ್ಲರೂ ನಿಶ್ಚಿಂತೆಯಾಗಿ ಇದ್ದುಬಿಡ್ತಾರೆ. ಆದರೆ ಹೊರಗಾಳಿ ಕಂಟ್ರೋಲರ್‌ನಲ್ಲಿ ‘ನೋ ಎಕಾನಮೈಸರ್’ ಇದ್ದರೆ ಆ ಯೆಸ್‌ಗೆ ಕೆಲಸವೇ ಇಲ್ಲ. ಎಕಾನಮೈಸರ್ ಟೈಪ್ ‘ಡಿಫರೆನ್ಷಿಯಲ್ ಡ್ರೈಬಲ್ಬ್’ (ಹೊರಗಾಳಿ, ರಿಟರ್ನ್ ಗಾಳಿಯ ಉಷ್ಣಾಂಶ ಹೋಲಿಸೋದು) ಮಾಡಿ, ಕಂಟ್ರೋಲ್ ಆಕ್ಷನ್ ‘ಮಿನಿಮಮ್ ಫ್ಲೋ ವಿತ್ ಬೈಪಾಸ್’ ಹಾಕಿ. ಹೊರಗಾಳಿ ಪ್ರಮಾಣ ಒಂದು ಹನಿಯೂ ಏರಲ್ಲ, ಹೊರಗೆ ತಂಪಿದ್ದಾಗ ವೀಲ್ ಮಾತ್ರ ಸುಮ್ಮನಿರುತ್ತೆ. ಆಮೇಲೆ ಹೀಟ್ ಎಕ್ಸ್‌ಚೇಂಜರ್‌ನ ಸೆನ್ಸಿಬಲ್ ಹೀಟಿಂಗ್ ರೇಟ್ ಗಂಟೆಗಂಟೆಗೆ ತೆಗೆದು ನೋಡಿ. ಕಟ್ಟಡ ಕೂಲಿಂಗ್‌ನಲ್ಲಿರುವ ಗಂಟೆಯಲ್ಲಿ ಅದು ಸೊನ್ನೆ ಇಲ್ಲ ಅಂದ್ರೆ ಸೆಟ್ಟಿಂಗ್ ಇನ್ನೂ ಹತ್ತಿಲ್ಲ.

ಪ್ಯಾಸ್ಕಲ್ ಪುಟ್ಟಸ್ವಾಮಿ:
ಬೈಪಾಸ್ ಸರಿ ಮಾಡಿದ್ರೂ ದುಡ್ಡು ಸೋರೋದು ಫ್ಯಾನಲ್ಲಿ. ಎನರ್ಜಿಪ್ಲಸ್‌ನ ಹೀಟ್ ಎಕ್ಸ್‌ಚೇಂಜರ್‌ಗೆ ಪ್ರೆಶರ್ ಡ್ರಾಪ್ (ವೀಲ್ ದಾಟುವಾಗ ಗಾಳಿಯ ಒತ್ತಡ ಇಳಿಯೋದು) ಅನ್ನೋದೇ ಇಲ್ಲ. ‘ನಾಮಿನಲ್ ಎಲೆಕ್ಟ್ರಿಕ್ ಪವರ್’ ಅಂತಿರೋದು ವೀಲ್ ಮೋಟಾರು, ಕಂಟ್ರೋಲ್‌ಗೆ ಅಷ್ಟೇ. ವೀಲ್‌ನ ಡ್ರಾಪನ್ನ ಸಪ್ಲೈ, ಎಕ್ಸಾಸ್ಟ್ ಎರಡೂ ಫ್ಯಾನ್‌ಗಳ ಪ್ರೆಶರ್ ರೈಸ್‌ಗೆ ಕೈಯಿಂದ ಸೇರಿಸಬೇಕು. ಇದನ್ನ ಮಾಡದ ವರದಿಗಳೇ ಊರ ತುಂಬ ಓಡಾಡ್ತಿವೆ.

ಲೆಕ್ಕ ಹಾಕಿ. ಒಂದೊಂದು ಬದಿಗೆ 200 ಪ್ಯಾಸ್ಕಲ್, ಸೆಕೆಂಡಿಗೆ 1 ಘನ ಮೀಟರ್, ಫ್ಯಾನ್ ದಕ್ಷತೆ 0.55. ಎರಡೂ ಸೇರಿ 727 ವ್ಯಾಟ್. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ: 2181 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 17,448 ರೂಪಾಯಿ, ಅದೂ ಒಂದೇ ಮಹಡಿಗೆ. ನಾಲ್ಕಕ್ಕೆ ನೀವೇ ಗುಣಿಸಿಕೊಳ್ಳಿ. ಈಗ ಉಳಿತಾಯ: ಒಂದು ಡಿಗ್ರಿ ವ್ಯತ್ಯಾಸಕ್ಕೆ ವೀಲ್ ಉಳಿಸೋದು 0.81 ಕಿಲೋವ್ಯಾಟ್ ಶಾಖ, ಸಿಒಪಿ (ಒಂದು ಯೂನಿಟ್ ಕರೆಂಟಿಗೆ ಎಸಿ ತೆಗೆಯೋ ಶಾಖ) 4 ಇದ್ದರೆ ಕರೆಂಟಿನಲ್ಲಿ 0.2. ಫ್ಯಾನ್ ಖರ್ಚು ಹುಟ್ಟೋಕೇ 3.6 ಡಿಗ್ರಿ ಬೇಕು, ಅಂದರೆ ಹೊರಗೆ 27.6. ಜುಲೈಯಿಂದ ಡಿಸೆಂಬರ್‌ವರೆಗೆ ಬೆಂಗಳೂರಿನ ಮಧ್ಯಾಹ್ನದ ಗರಿಷ್ಠವೇ ಹೆಚ್ಚುಕಮ್ಮಿ ಆ ಗೆರೆ ಹತ್ತಿರ ಸುಳಿದಾಡುತ್ತೆ.

ಕುಡ್ಲ ಕಾಯಿಲ್:
ಪುಟ್ಟಸ್ವಾಮಿಯವ್ರೆ, ನಿಮ್ಮ ಲೆಕ್ಕದಲ್ಲಿ ಲೇಟೆಂಟ್ ಎಲ್ಲುಂಟು ಮಾರಾಯ್ರೆ? ಹೊರಗೆ ಡ್ರೈಬಲ್ಬ್ (ಮಾಮೂಲಿ ಉಷ್ಣಾಂಶ) 28, ವೆಟ್‌ಬಲ್ಬ್ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಂಕಿ) 20 ಹಿಡಿಯಿರಿ. ಒಳಗೆ 24 ಡಿಗ್ರಿ, ತೇವಾಂಶ 50% ಇದ್ದರೆ ಎಂಥಾಲ್ಪಿ (ಶಾಖ, ತೇವ ಸೇರಿದ ಗಾಳಿಯ ಒಟ್ಟು ಶಕ್ತಿ) ವ್ಯತ್ಯಾಸ ಕೆಜಿಗೆ 11 ಕಿಲೋಜೂಲ್. ವೀಲ್ ಉಳಿಸೋದು 8 ಕಿಲೋವ್ಯಾಟ್, ಕರೆಂಟಿನಲ್ಲಿ 2. ನಿಮ್ಮ 727 ವ್ಯಾಟ್ ಅದರ ಮುಂದೆ ಎಂತ ಮಾಡ್ತದೆ? ಮಂಗಳೂರಿನಲ್ಲಿ ವೀಲ್ ಬೇಡ ಅಂದವರನ್ನ ಇನ್ನೂ ನೋಡ್ಲಿಲ್ಲ.

ಪ್ಯಾಸ್ಕಲ್ ಪುಟ್ಟಸ್ವಾಮಿ:
ಮಂಗಳೂರಿನ ವೀಲ್ ಮಂಗಳೂರಲ್ಲೇ ತಿರುಗಲಿ. ಆ 50% ಎಲ್ಲಿಂದ ಬಂತು? ವಿಆರ್‌ಎಫ್ ಡ್ರೈಬಲ್ಬ್ ನೋಡಿ ಓಡೋದು, ತೇವಾಂಶಕ್ಕೆ ಸೆಟ್‌ಪಾಯಿಂಟ್ ಇಟ್ಟಿದಾರಾ? ಒಳಗಿನ ಆರ್‌ಎಚ್ (ಸಾಪೇಕ್ಷ ತೇವಾಂಶ) 60ಕ್ಕೆ ತೇಲಿದರೆ ನಿಮ್ಮ 11 ಕಿಲೋಜೂಲ್ ಐದೂವರೆ ಆಗುತ್ತೆ. ಕ್ಯಾಟಲಾಗ್‌ನ ಕಿಲೋವ್ಯಾಟ್ ಅಂಕಿ ಹೊರಗೆ 35/25.6, ಒಳಗೆ 24/17.2ರ (ಡ್ರೈಬಲ್ಬ್/ವೆಟ್‌ಬಲ್ಬ್) ಎಎಚ್‌ಆರ್‌ಐ (ಅಮೆರಿಕದ ಎಸಿ ತಯಾರಕರ ಸಂಘ) ಪರೀಕ್ಷಾ ಸ್ಥಿತಿಗೆ. ಅಲ್ಲಿ ವ್ಯತ್ಯಾಸ 31 ಕಿಲೋಜೂಲ್. ಅದನ್ನ ಹೆಬ್ಬಾಳಕ್ಕೆ ತಂದು ಅಂಟಿಸೋರಿಗೆ ಏನು ಹೇಳೋದು.

ಅಪೆಂಡಿಕ್ಸ್ ಜಿ:
ಮೂಲ ವಿಚಾರವೇ ಬಿಟ್ಟುಹೋಯ್ತು. ಇಸಿಬಿಸಿ 2017 (ಭಾರತದ ಕಟ್ಟಡ ಇಂಧನ ಕೋಡ್) ವೀಲ್ ಕಡ್ಡಾಯ ಮಾಡಿರೋದು ಹೋಟೆಲ್, ಆಸ್ಪತ್ರೆಗೆ. ಅದೂ ಸಿಸ್ಟಂ ಸೆಕೆಂಡಿಗೆ 2100 ಲೀಟರ್ ಮೀರಿ, ಹೊರಗಾಳಿ 70% ಇದ್ದಾಗ, ಕನಿಷ್ಠ 50% ಎಫೆಕ್ಟಿವ್‌ನೆಸ್‌ನಿಂದ. ಆಫೀಸಿಗೆ ಆ ಷರತ್ತೇ ಇಲ್ಲ. ಆಶ್ರೇ 90.1 (ಅಮೆರಿಕದ ಕಟ್ಟಡ ಇಂಧನ ಮಾನದಂಡ) ಲೆಕ್ಕದಲ್ಲಿ ಹೋದರೆ ಬೇಸ್‌ಲೈನ್ (ಹೋಲಿಕೆಗೆ ಇಡೋ ಕಟ್ಟಡದ) ಫ್ಯಾನ್‌ಗೆ ಒಂದೊಂದು ಬದಿಗೆ (2.2 × ಎಫೆಕ್ಟಿವ್‌ನೆಸ್) − 0.5 ಇಂಚು (ನೀರಿನ ಎತ್ತರದಲ್ಲಿ ಅಳೆದ ಒತ್ತಡ) ಕ್ರೆಡಿಟ್ ಸಿಗುತ್ತೆ. 0.5ಕ್ಕೆ 0.6 ಇಂಚು, ಅಂದರೆ 150 ಪ್ಯಾಸ್ಕಲ್. ಪುಟ್ಟಸ್ವಾಮಿ ಹೇಳೋ 200 ಯಾವ ವೀಲ್‌ದು, ಎಷ್ಟು ಫೇಸ್ ವೆಲಾಸಿಟಿಗೆ (ವೀಲ್ ಹೊಗೋ ಗಾಳಿಯ ವೇಗ), ಅದನ್ನೂ ಹೇಳಿದ್ರೆ ಚೆನ್ನಾಗಿತ್ತು.

ಇನ್ನೊಂದು ಮಾತು. ಎನರ್ಜಿಪ್ಲಸ್‌ನ ಐಡಿಯಲ್ ಲೋಡ್ಸ್‌ನಲ್ಲಿ (ನಿಜದ ಯಂತ್ರವಿಲ್ಲದ ಸರಳ ಎಸಿ ಮಾದರಿ) ‘ಹೀಟ್ ರಿಕವರಿ: ಎಂಥಾಲ್ಪಿ’ ಒತ್ತಿ ಉಳಿತಾಯ ತೋರಿಸೋರನ್ನ ನಂಬಬೇಡಿ. ಅದು ಲಾಭ ಇದ್ದಾಗ ಮಾತ್ರ ತಾನೇ ಓಡುತ್ತೆ, ಫ್ಯಾನ್ ಖರ್ಚು ಅದರಲ್ಲಿ ಬರೋದೇ ಇಲ್ಲ.

ಪ್ಯಾಸ್ಕಲ್ ಪುಟ್ಟಸ್ವಾಮಿ:
ಫಾರ್ಮುಲಾ ನಿಮ್ಮದೇ ತಾನೇ, ಅದಕ್ಕೆ 0.75 ಹಾಕಿ ನೋಡಿ: 1.15 ಇಂಚು, 286 ಪ್ಯಾಸ್ಕಲ್. ನಾನು ಹೇಳಿದ್ದೇ ಕಮ್ಮಿ. ಕೋಡ್ ಓದೋರು ಸೈಟಿಗೂ ಒಮ್ಮೆ ಬನ್ನಿ.

ಬೈಪಾಸ್ ಭಟ್ಟ:
ಇಬ್ಬರೂ ಜಗಳ ಆಡ್ತಾ ಟಾಯ್ಲೆಟ್ ಮರೆತ್ರಿ. ಟಾಯ್ಲೆಟ್ ಎಕ್ಸಾಸ್ಟ್ ಬೇರೆ ಹೋದರೆ ವೀಲ್‌ಗೆ ಬರೋ ಗಾಳಿ 600 ಲೀಟರ್. ಸಪ್ಲೈ 1000ಕ್ಕೆ ತಗುಲೋ ಲಾಭ 0.75 ಅಲ್ಲ, ಸುಮಾರು 0.45. ಎರಡು ಬದಿ ಗಾಳಿಯ ಅಸಮತೋಲ ಎರಡು ಪಟ್ಟು ಮೀರಿದರೆ ಎರರ್ ಫೈಲಲ್ಲಿ ಎಚ್ಚರಿಕೆ ಬರುತ್ತೆ, ಅದರೊಳಗಿದ್ದರೆ ತೆಪ್ಪಗಿರುತ್ತೆ.

ಕುಡ್ಲ ಕಾಯಿಲ್:
ಟಾಯ್ಲೆಟ್ ಗಾಳಿಯನ್ನೂ ವೀಲ್‌ಗೆ ಬಿಡಬಹುದು. ಆಶ್ರೇ 62.1ರಲ್ಲಿ (ಒಳಗಾಳಿ ಗುಣಮಟ್ಟದ ಮಾನದಂಡ) ಅದು ಕ್ಲಾಸ್ 2, ಸೋರಿಕೆ 10%ರ ಒಳಗಿದ್ದರೆ ಒಪ್ಪಿಗೆ ಉಂಟು.

ಬೈಪಾಸ್ ಭಟ್ಟ:
ಒಪ್ಪಿಗೆ ಕಾಗದದಲ್ಲಿ. ವಾಸನೆ ಬಂದರೆ ಫೋನು ನಿಮಗೆ ಮಾಡಿಸ್ತೀನಿ, ಮಂಗಳೂರಿನಿಂದ ಬಂದು ಸೀಲ್ ಬದಲಾಯಿಸಿ.

ಹೆಬ್ಬಾಳ ಮಾಡೆಲರ್:
ಭಟ್ರೇ, ನೀವು ಹೇಳಿದ್ದು ಹಾಕಿದೆ, ಜೊತೆಗೆ ‘ಸಪ್ಲೈ ಏರ್ ಔಟ್‌ಲೆಟ್ ಟೆಂಪರೇಚರ್ ಕಂಟ್ರೋಲ್’ ಕೂಡ ಯೆಸ್ ಮಾಡಿದೆ. ‘ಮಿಸ್ಸಿಂಗ್ ಟೆಂಪರೇಚರ್ ಸೆಟ್‌ಪಾಯಿಂಟ್’ ಅಂತ ರನ್ ನಿಂತುಹೋಯ್ತು.

ಬೈಪಾಸ್ ಭಟ್ಟ:
ಅದನ್ನ ನಾನು ಹೇಳಲೇ ಇಲ್ಲವಲ್ಲ. ಸದ್ಯಕ್ಕೆ ‘ನೋ’ ಮಾಡಿ, ಓಡುತ್ತೆ. ಬೇಕೇ ಬೇಕು ಅಂದ್ರೆ ವೀಲ್‌ನ ಸಪ್ಲೈ ಔಟ್‌ಲೆಟ್ ನೋಡ್‌ಗೆ ಸೆಟ್‌ಪಾಯಿಂಟ್ ಮ್ಯಾನೇಜರ್ ಕಟ್ಟಿ. ಸಪ್ಲೈ ಫ್ಯಾನ್ ವೀಲ್ ಆದಮೇಲೆ ಇದ್ದರೆ ಅದರ ಶಾಖ ಕಳೆದು ಸೆಟ್‌ಪಾಯಿಂಟ್ ಇಡಿ.