ಗೌರಮ್ಮ ರಾಜಕುಮಾರಿ ಪೋರ್ಟ್ರೇಟ್ ಕಾಪಿ ಮಾಡಿ ಆಯಿಲ್ ಕಲಿಯೋದು, ಎಲ್ಲಿಂದ ಶುರು ಮಾಡ್ಲಿ?

ಸೋಮವಾರಪೇಟೆ_ಬ್ರಶ್
ನಮಸ್ಕಾರ ಎಲ್ರಿಗೂ. ವಾಟರ್ ಕಲರಲ್ಲಿ ಮಂಜು, ಕಾಫಿ ತೋಟ ಅಂತ ಅದೇ ಅದೇ ಮಾಡಿ ಸಾಕಾಗಿದೆ, ಈಗ ಆಯಿಲಲ್ಲಿ ಮುಖ ಕಲೀಬೇಕು. ಕೊಡಗಿನ ಕೊನೇ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನ್ನ ಜರ್ಮನ್ ಪೇಂಟರ್ ವಿಂಟರ್‌ಹಾಲ್ಟರ್ 1852ರಲ್ಲಿ ಬರೆದಿದ್ದು ಇದ್ಯಲ್ಲ, ವಿಕ್ಟೋರಿಯಾ ರಾಣಿ ಬರೆಸಿದ್ದು, ಅದನ್ನೇ ಕಾಪಿ ಮಾಡೋಣ ಅಂತ ಮನಸ್ಸು. ಆದ್ರೆ ಆ ಒಡವೆ, ಕಸೂತಿ ಎಲ್ಲ ನೋಡಿದ್ರೆ ತಲೆ ಸುತ್ತುತ್ತೆ. ಪೂರ್ತಿ ಮಾಡ್ಬೇಕಾ, ಬರೀ ಮುಖ ಸಾಕಾ? ಫೋನಲ್ಲಿ ಒಂದು ಬಣ್ಣ ಕಾಣುತ್ತೆ ಪ್ರಿಂಟಲ್ಲಿ ಇನ್ನೊಂದು, ಯಾವುದನ್ನ ನಂಬೋದು? ಮಳೆ ಬೇರೆ ಹಿಡ್ಕೊಂಡಿದೆ, ಆಯಿಲ್ ಒಣಗುತ್ತಾ?

ಹಳೇ_ಈಸಲ್
ಬರೀ ತಲೆ, ಕುತ್ತಿಗೆ, ಸ್ವಲ್ಪ ಭುಜ. ಅಷ್ಟೇ. ಬಣ್ಣದ ಚಿಂತೆ ಈಗ ಬೇಡ, ಮೊದ್ಲು ಬ್ಲಾಕ್ ಅಂಡ್ ವೈಟ್ ಪ್ರಿಂಟ್ ತೆಗ್ಸಿ, ಗ್ರಿಡ್ ಎಳ್ದು ಡ್ರಾಯಿಂಗ್ ಮಾಡ್ಕೊಳ್ಳಿ, ಆಮೇಲೆ ಬರ್ನ್ಟ್ ಅಂಬರ್ ಅನ್ನೋ ಕಂದು ಬಣ್ಣಕ್ಕೆ ಟರ್ಪಂಟೈನ್ ಸೇರ್ಸಿ ತೆಳ್ಳಗೆ ಕ್ಯಾನ್ವಾಸಿಗೆಲ್ಲ ಬಳ್ದು ಬೆಳಕಿರೋ ಕಡೆ ಬಟ್ಟೇಲಿ ಒರೆಸ್ತಾ ಬನ್ನಿ. ಹಣೆ, ಮೂಗು, ಕೆನ್ನೆ ತಾನಾಗೇ ಎದ್ದು ಬರುತ್ತೆ. ಮುಖದ ಹೋಲಿಕೆ ಇಲ್ಲೇ ಸಿಗ್ಬೇಕು, ಇಲ್ಲಿ ಸಿಗ್ದಿದ್ರೆ ಮೇಲೆ ಎಂಥ ದುಬಾರಿ ಬಣ್ಣ ಹಾಕಿದ್ರೂ ಸಿಗಲ್ಲ. ಕನ್ನಡೀಲಿ ತಿರುಗಿಸಿ ನೋಡಿ, ಕಣ್ಣು ಸೊಟ್ಟ ಇದ್ರೆ ತಕ್ಷಣ ಗೊತ್ತಾಗುತ್ತೆ.

ಅದು ಒಣಗಿದ್ಮೇಲೆ ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಒಂದು ಕೆಂಪು, ಐವರಿ ಬ್ಲಾಕ್, ನಾಲ್ಕೇ ಟ್ಯೂಬ್. ಓಕರಿಗೆ ಕಪ್ಪು ಬೆರೆಸಿದ್ರೆ ಒಂಥರಾ ಹಸಿರು ಬರುತ್ತೆ, ದವಡೆ ಪಕ್ಕದ ಅರೆ ನೆರಳಿಗೆ ಅದು ಚೆನ್ನಾಗಿ ಕೂರುತ್ತೆ. ನೆರಳಿಗೆ ಬಿಳಿ ಸುರಿಬೇಡಿ, ಬೂದಿ ಬಳ್ದಂಗಾಗುತ್ತೆ. ವಿಂಟರ್‌ಹಾಲ್ಟರ್ ಹೆಚ್ಚು ಸ್ಕೆಚ್ ಇಲ್ದೆ ನೇರ ಕ್ಯಾನ್ವಾಸಿಗೇ ಕೈ ಹಾಕ್ತಿದ್ದ ಅಂತ ಓದಿ ಹುಮ್ಮಸ್ಸು ಬಂದ್ಬಿಡುತ್ತೆ ಕೆಲವ್ರಿಗೆ, ಆದ್ರೆ ಅವ್ನು ಯೂರೋಪಿನ ಅರಮನೆ ಅರಮನೆ ಸುತ್ತಿ ಕೈ ಪಳಗಿಸ್ಕೊಂಡವ್ನು ಮಾರಾಯ್ರೆ. ಒಡವೆ ಆಸೆ ಇದ್ರೆ ಒಂದೊಂದೇ ಮಣಿ ಎಣಿಸ್ಬೇಡಿ, ಕಣ್ಣು ಕಿರಿದು ಮಾಡಿ ನೋಡಿ, ಮೊದ್ಲು ಕಂದು, ಕೊನೆಗೆ ಮಿನುಗೋ ಕಡೆ ಮಾತ್ರ ದಪ್ಪ ಚುಕ್ಕೆ.

ಮಡಿಕೇರಿ_ಥಂಡಿ
ಒಣಗುತ್ತೆ, ತಾಳ್ಮೆ ಬೇಕು ಅಷ್ಟೇ. ಆಯಿಲ್ ಬಣ್ಣದಲ್ಲಿರೋ ಲಿನ್ಸೀಡ್ (ಅಗಸೆ) ಎಣ್ಣೆ ನೀರಿನ ಥರ ಆರೋದಲ್ಲ, ಗಾಳೀಲಿರೋ ಆಕ್ಸಿಜನ್ ಎಳ್ಕೊಂಡು ಗಟ್ಟಿ ಆಗೋದು, ಅದಕ್ಕೇ ಈ ಚಳಿ, ಮೋಡದಲ್ಲಿ ತಡ. ಅಂಬರ್ ಬೇಗ ಒಣಗುತ್ತೆ, ಐವರಿ ಬ್ಲಾಕ್, ಅಲಿಜರಿನ್ ಕ್ರಿಮ್ಸನ್ ಅನ್ನೋ ಕಡು ಕೆಂಪು ಕಾಯಿಸ್ತವೆ. ಕೆಳಗಿನ ಪದರಕ್ಕೆ ಎಣ್ಣೆ ಕಮ್ಮಿ, ಮೇಲೆ ಹೋದಂಗೆ ಜಾಸ್ತಿ, ಉಲ್ಟಾ ಆದ್ರೆ ಬಿರುಕು ಬಿಡುತ್ತೆ. ಗೋಡೆಗೆ ಒರಗಿಸಿ ಇಡ್ಲೇಬೇಡಿ, ಹಿಂದೆಲ್ಲ ಬೂಷ್ಟು ಹಿಡಿಯುತ್ತೆ. ಬಟ್ಟೆ ಬೀರುಗೆ ಬಲ್ಬ್ ಹಾಕ್ತೀವಲ್ಲ ಹಂಗೇ ಇಟ್ರಾಯ್ತು ಅಂತ ಬಾಗ್ಲು ಮುಚ್ಬೇಡಿ, ಗಾಳಿನೂ ಸಿಗಲ್ಲ, ಕತ್ತಲಲ್ಲಿ ಎಣ್ಣೆ ಹಳದಿನೂ ತಿರುಗುತ್ತೆ. ಒಲೆ ಹತ್ರ ಅಂತೂ ಬೇಡವೇ ಬೇಡ, ಟರ್ಪಂಟೈನ್ ಇರುತ್ತೆ ಮನೇಲಿ.

ಮೈಸೂರ್_ರೋಡ್
ನಂದು ಸ್ವಲ್ಪ ಬೇರೆ ಅಭಿಪ್ರಾಯ. ಫೋಟೋ ನೋಡಿ ಕಾಪಿ ಮಾಡಿದ್ರೆ ಫೋಟೋನೇ ಕಲಿಯೋದು. ಬಣ್ಣ ಎಲ್ಲಿ ದಪ್ಪ, ಎಲ್ಲಿ ಕ್ಯಾನ್ವಾಸ್ ಕಾಣೋ ಅಷ್ಟು ತೆಳು, ಬ್ರಶ್ ಯಾವ ಕಡೆ ಹೋಗಿದೆ, ಇದ್ಯಾವುದೂ ಸ್ಕ್ರೀನಲ್ಲಿ ಕಾಣಲ್ಲ. ಗೌರಮ್ಮನ ಒರಿಜಿನಲ್ ಇಂಗ್ಲೆಂಡಲ್ಲಿ ಕೂತಿದೆ, ಯಾರು ಹೋಗ್ತಾರೆ. ಮೈಸೂರಿನ ಜಗನ್ಮೋಹನ ಅರಮನೆ ಗ್ಯಾಲರಿ ತೆಗೆದಿದ್ಯಾ ಕೇಳ್ಕೊಂಡು ಬನ್ನಿ, ರವಿವರ್ಮನ ಆಯಿಲ್ ಪೇಂಟಿಂಗ್ ಮುಂದೆ ಪಕ್ಕದಿಂದ ಬಗ್ಗಿ ನೋಡಿ. ರವಿವರ್ಮನೂ ತಿರುವಾಂಕೂರು ಅರಮನೇಲಿ ಯೂರೋಪಿನ ಪೇಂಟರ್ ಥಿಯೋಡರ್ ಜೆನ್ಸನ್ ಕೆಲ್ಸ ಮಾಡೋದನ್ನ ನೋಡಿ ನೋಡಿನೇ ಆಯಿಲ್ ಹಿಡ್ಕೊಂಡಿದ್ದು.

ಹಳೇ_ಈಸಲ್
@ಮೈಸೂರ್_ರೋಡ್ ಒಪ್ದೆ, ಆದ್ರೆ ಬೆಳಕು ನೆರಳು ಕಲಿಯೋಕೆ ಫೋಟೋ ಸಾಕಲ್ವಾ? ಬ್ರಶ್ ಜಾಡು ಎರಡನೇ ಕಾಪಿಗೆ ನೋಡಿದ್ರಾಯ್ತು.

ಸೋಮವಾರಪೇಟೆ_ಬ್ರಶ್
ಎಲ್ರಿಗೂ ಥ್ಯಾಂಕ್ಸ್. ಮುಖ ಮಾತ್ರ ಮಾಡ್ತೀನಿ, ಅಂಬರಲ್ಲೇ ಶುರು. ಇನ್ನೊಂದು, ಮುಗಿದ್ಮೇಲೆ ಕೆಳಗೆ ನನ್ ಸೈನ್ ಹಾಕ್ಬಹುದಾ? ಕಾಪಿರೈಟ್ ಏನಾದ್ರೂ?

ಮಡಿಕೇರಿ_ಥಂಡಿ
ವಿಂಟರ್‌ಹಾಲ್ಟರ್ ಹೋಗಿದ್ದು 1873ರಲ್ಲಿ, ಪೇಂಟಿಂಗಿಗೆ ತಕರಾರಿಲ್ಲ. ವೆಬ್‌ಸೈಟ್ ಫೋಟೋನೇ ಪ್ರಿಂಟ್ ಹಾಕಿ ಮಾರೋದು ಬೇರೆ ವಿಷ್ಯ. ಸೈಜ್ ಒರಿಜಿನಲ್‌ಗಿಂತ ಬೇರೆ ಇರ್ಲಿ, ಕ್ಯಾನ್ವಾಸ್ ಹಿಂದೆ ವಿಂಟರ್‌ಹಾಲ್ಟರ್ ಚಿತ್ರದ ಕಾಪಿ ಅಂತ ಬರ್ದು ನಿಮ್ಮ ಹೆಸ್ರು, ತಾರೀಕು ಹಾಕಿ. ವಾರ್ನಿಷ್‌ಗೆ ಅವಸರ ಬೇಡ, ಮುಂದಿನ ಬೇಸಿಗೆಗೆ ನೋಡ್ಕೊಳ್ಳಿ.